ದೀಪಾವಳಿಗೆ ಹದಿನಾಲ್ಕು ಮನೆಗಳಿಗೆ ಎಣ್ಣೆಸ್ನಾನದ ಗಂಟು: ಮಾಡಿದವರು ಹೇಳಿದ್ದು

ಕೇಳಿದವರು, ಬೆಂಗಳೂರು

ಹೊಸ ಮನೆಗೆ ಬಂದ ಮೇಲೆ ಇದು ನಮ್ಮ ಮೊದಲ ದೀಪಾವಳಿ. ಅಕ್ಕಪಕ್ಕದವರು, ಮನೆಗೆಲಸಕ್ಕೆ ಬರುವವರು, ಕಾವಲುಗಾರರು, ಅತ್ತೆಯ ಕಡೆಯ ನೆಂಟರು ಎಲ್ಲ ಸೇರಿ ಹದಿನಾಲ್ಕು ಮನೆಗಳಿಗೆ ಏನಾದರೂ ಕೊಡಬೇಕು. ಎತ್ತಿಟ್ಟಿರುವುದು 1500 ರೂಪಾಯಿ. ಸ್ನಾನಕ್ಕೆ ಬಳಸುವ ವಸ್ತುಗಳನ್ನೇ ಮನೆಯಲ್ಲಿ ಮಾಡಿ, ಹಳೆಯ ಬಾಟಲಿ, ಬಟ್ಟೆ ಚೂರುಗಳಲ್ಲಿ ಕಟ್ಟಿ ಕೊಡೋಣ ಎಂದುಕೊಂಡಿದ್ದೇನೆ. ಉಳಿದ ಸಾಬೂನಿನ ಚೂರುಗಳೂ ಒಂದು ಡಬ್ಬಿ ತುಂಬ ಇವೆ. ಮೂರು ವಾರ ಸಮಯವಿದೆ. ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ನೀವು ಆರಿಸಿಕೊಂಡ ಹಬ್ಬಕ್ಕೆ ಇದಕ್ಕಿಂತ ಹೊಂದುವ ಉಡುಗೊರೆ ಇಲ್ಲ. ತ್ರಯೋದಶಿಯ ಸಂಜೆ ಹಂಡೆ ತೊಳೆದು ನೀರು ತುಂಬುತ್ತೇವೆ, ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುತ್ತೇವೆ. ಈಗ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ, ಆದರೂ ಆ ಒಂದು ದಿನ ಎಣ್ಣೆ, ಸೀಗೆಪುಡಿ ಹುಡುಕದ ಮನೆ ಕಡಿಮೆ. ಹಾಗಾಗಿ ಹಬ್ಬಕ್ಕೆ ಎರಡು ಮೂರು ದಿನ ಮುಂಚೆಯೇ ಕೊಡಿ. ಹಬ್ಬ ಮುಗಿದ ಮೇಲೆ ಕೊಟ್ಟರೆ ಅದು ಬಚ್ಚಲಿನ ಗೂಡು ಸೇರಿ ಅಲ್ಲೇ ಉಳಿಯುತ್ತದೆ.

ನಾನು ಆರು ವರ್ಷಗಳಿಂದ ಕೊಡುತ್ತಿರುವ ಗಂಟಿನಲ್ಲಿ ಮೂರೇ ವಸ್ತುಗಳಿರುತ್ತವೆ: ಸೀಗೆಪುಡಿ, ಮೈಗೆ ಹಚ್ಚುವ ಹಿಟ್ಟು, ಒಂದು ಪುಟ್ಟ ಬಾಟಲಿ ಎಣ್ಣೆ. ಸೀಗೆಪುಡಿಗೆ ಒಂದು ಕೆಜಿ ಸೀಗೆಕಾಯಿ, ಕಾಲು ಕೆಜಿ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ಎರಡು ಹಿಡಿ ಒಣಗಿದ ದಾಸವಾಳದ ಎಲೆ, ಒಂದು ಹಿಡಿ ಕರಿಬೇವು, ನಾಲ್ಕೈದು ನಿಂಬೆಹಣ್ಣಿನ ಒಣಸಿಪ್ಪೆ. ಇಷ್ಟು ಹಾಕಿದರೆ ಹದಿನಾಲ್ಕು ಮನೆಗೆ ತಲಾ ಒಂದು ದೊಡ್ಡ ಲೋಟ ಪುಡಿ ಬರುತ್ತದೆ. ಮೈಗೆ ಹಚ್ಚುವುದಕ್ಕೆ ಒಂದು ಕೆಜಿ ಹೆಸರುಹಿಟ್ಟಿಗೆ ನೂರು ಗ್ರಾಂ ಕಿತ್ತಳೆ ಸಿಪ್ಪೆಯ ಪುಡಿ, ಐವತ್ತು ಗ್ರಾಂ ಕಸ್ತೂರಿ ಅರಿಶಿನ, ಒಣಗಿದ ಗುಲಾಬಿ ದಳ ಸಿಕ್ಕಷ್ಟು. ಅಡುಗೆಯ ಅರಿಶಿನ ಬೇಡ, ಮೈಗೂ ಟವೆಲಿಗೂ ಹಳದಿ ಹಿಡಿಯುತ್ತದೆ.

ಇದರಲ್ಲಿ ಕೈಚಳಕ ಏನೂ ಇಲ್ಲ. ಒಣಗಿಸುವುದೊಂದೇ ಕೆಲಸ. ಮೊದಲ ವರ್ಷ ನಾನು ಕಿತ್ತಳೆ ಸಿಪ್ಪೆಯನ್ನು ಎರಡೇ ದಿನ ಬಿಸಿಲಿಗಿಟ್ಟು ಪುಡಿ ಮಾಡಿದೆ. ಮುಟ್ಟಿದರೆ ಒಣಗಿದ ಹಾಗೆಯೇ ಇತ್ತು. ಹತ್ತು ದಿನಕ್ಕೆ ಪುಡಿ ಹೆಪ್ಪುಗಟ್ಟಿ, ಮುಗ್ಗಲು ವಾಸನೆ ಬಂದು, ಅಷ್ಟನ್ನೂ ಗಿಡಗಳ ಬುಡಕ್ಕೆ ಸುರಿದೆ. ಆ ಹೊತ್ತಿಗಾಗಲೇ ಎರಡು ಮನೆಗೆ ಕೊಟ್ಟಾಗಿತ್ತು. ಅವರ ಮನೆಗೆ ಹೋಗಿ ವಾಪಸು ಕೇಳಿ ತಂದದ್ದನ್ನು ನಾನು ಮರೆತಿಲ್ಲ. ಸಿಪ್ಪೆ ಮುರಿದರೆ ಚಟ್ಟೆಂದು ಸದ್ದಾಗಬೇಕು, ಬಾಗಬಾರದು. ಸೀಗೆಕಾಯಿಗೂ ಅದೇ ಪರೀಕ್ಷೆ. ಈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೋಡ ಜಾಸ್ತಿ, ಮಧ್ಯಾಹ್ನದ ಮೇಲೆ ಮಳೆ. ಬೆಳಗ್ಗೆ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗಾಜು ಏರಿಸಿ, ಪತ್ರಿಕೆಯ ಮೇಲೆ ಹರಡಿಡಿ. ತಾರಸಿಗಿಂತ ಬೇಗ ಒಣಗುತ್ತದೆ, ಮಳೆಯ ಭಯವೂ ಇಲ್ಲ. ಗಿರಣಿಗೆ ಒಯ್ಯುವ ಮುನ್ನ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಮ್ಮೆ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಕಟ್ಟಿಕೊಳ್ಳಿ.

ರಾಗಿ, ಗೋಧಿ ಬೀಸುವ ಯಂತ್ರಕ್ಕೆ ಸೀಗೆಕಾಯಿ ಹಾಕುವುದಿಲ್ಲ, ಅದಕ್ಕೆ ಬೇರೆ ಯಂತ್ರ ಇರುವ ಗಿರಣಿಯನ್ನೇ ಹುಡುಕಬೇಕು. ಮೊದಲೇ ವಿಚಾರಿಸಿಕೊಂಡು ಹೋಗಿ. ಬೀಸಿದ ಪುಡಿ ಬಿಸಿಯಾಗಿರುತ್ತದೆ. ಮನೆಗೆ ತಂದ ಕೂಡಲೇ ಅಗಲವಾಗಿ ಹರಡಿ ರಾತ್ರಿಯಿಡೀ ಆರಲು ಬಿಡಿ. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಅಲ್ಲಿಗೆ ಎಲ್ಲ ಶ್ರಮವೂ ಹೋಯಿತು. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ.

ಎಣ್ಣೆಗೆ ಮೂರು ಪಾಲು ಎಳ್ಳೆಣ್ಣೆ, ಒಂದು ಪಾಲು ಹರಳೆಣ್ಣೆ. ಬರೀ ಹರಳೆಣ್ಣೆ ಕೊಟ್ಟರೆ ಅಂಟು ಬಿಡಿಸಲಾಗದೆ ಬೈದುಕೊಳ್ಳುತ್ತಾರೆ. ಕೊಬ್ಬರಿ ಎಣ್ಣೆಯೇ ಇರಲಿ ಎನ್ನುವುದಾದರೆ ಅಗಲ ಬಾಯಿಯ ಬಾಟಲಿಯಲ್ಲಿ ಕೊಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಸುಕಿನ ಚಳಿಯಲ್ಲಿ ಸಣ್ಣ ಬಾಯಿಂದ ಹೊರಗೆ ಬರುವುದೇ ಇಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಎಣ್ಣೆಯದೇ. ಐವತ್ತು ಮಿಲಿಲೀಟರ್ ಸಾಕು, ಇಬ್ಬರ ತಲೆಗೆ ಆಗುತ್ತದೆ.

ಉಡುಪಿಯ ಕಡೆಯಿಂದ

ಮೇಲಿನವರು ಪುಡಿಯ ವಿಷಯ ಹೇಳಿದ್ದಾರೆ. ನಮ್ಮ ಕಡೆಯ ತೇವದ ಹವೆಗೆ ಪುಡಿ ಉಳಿಸಿಕೊಳ್ಳುವುದು ಕಷ್ಟ, ಹಾಗಾಗಿ ನಾನು ಮಾಡುವುದೇ ಬೇರೆ. ತೆಂಗಿನಕಾಯಿ ಒಡೆದಾಗ ಕಣ್ಣುಗಳಿರುವ ಅರ್ಧ ಗೆರಟೆಯನ್ನು ಎತ್ತಿಡಿ. ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆಯಿಂದ ಒತ್ತಿದರೆ ತೂತಾಗುತ್ತದೆ. ಸಾಬೂನಿಟ್ಟರೆ ನೀರು ಅಲ್ಲಿಂದ ಬಸಿದು ಹೋಗುತ್ತದೆ, ಸಾಬೂನು ಕರಗಿ ಹಾಳಾಗುವುದಿಲ್ಲ. ಹೊರಗಿನ ನಾರನ್ನು ಚಾಕುವಿನಿಂದ ಕೆರೆದು, ಉಜ್ಜುಕಾಗದದಲ್ಲಿ ಮೊದಲು ಒರಟು, ಆಮೇಲೆ ನುಣುಪು ಹಿಡಿದು ತಿಕ್ಕಿ, ಕೊನೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕರಿಮರದ ಹಾಗೆ ಹೊಳೆಯುತ್ತದೆ. ಒಂದಕ್ಕೆ ಅರ್ಧ ಗಂಟೆ ಬೇಕು. ಖರ್ಚು ಉಜ್ಜುಕಾಗದದ್ದು ಮಾತ್ರ. ಅಲುಗಾಡದ ಹಾಗೆ ಕೆಳಗೆ ಹಳೆಯ ಬಳೆಯೊಂದನ್ನು ಇಟ್ಟು ಕೊಡಿ.

ಬಳ್ಳಿಯಲ್ಲೇ ಬಲಿತು ಒಣಗಿದ ತುಪ್ಪದ ಹೀರೆಕಾಯಿ ಊರಿನಲ್ಲಿ ಯಾರ ಹಿತ್ತಿಲಲ್ಲಾದರೂ ಸಿಗುತ್ತದೆ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದು, ಬೀಜ ಉದುರಿಸಿ, ನಾರನ್ನು ಬಿಸಿಲಿನಲ್ಲಿ ಒಣಗಿಸಿ ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ. ಒಂದು ಕಾಯಿಯಿಂದ ಮೂರು ಮನೆಗೆ ಮೈ ಉಜ್ಜುವ ನಾರಾಯಿತು. ಬೀಜವನ್ನೂ ಕಾಗದದಲ್ಲಿ ಸುತ್ತಿ ಜೊತೆಗಿಡಿ. ನಾನು ಹಾಗೆ ಕೊಟ್ಟ ಬೀಜದಿಂದ ಒಬ್ಬರು ಬಾಲ್ಕನಿಯಲ್ಲಿ ಬಳ್ಳಿ ಎಬ್ಬಿಸಿ ಮರುವರ್ಷ ನನಗೇ ನಾರು ತಂದುಕೊಟ್ಟರು.

ಬಾಗಲಕೋಟೆಯಿಂದ

ಚೀಲಕ್ಕೆ ದುಡ್ಡು ಹಾಕಬೇಡಿ. ಕುಪ್ಪಸ ಹೊಲಿಯುವ ದರ್ಜಿಗಳ ಬಳಿ ಗುಳೇದಗುಡ್ಡ ಖಣದ ಗೇಣುದ್ದದ ತುಂಡುಗಳು ಉಳಿದಿರುತ್ತವೆ. ಬೆಂಗಳೂರಿನಲ್ಲಿ ಖಣ ಸಿಗದಿದ್ದರೆ ಹಳೆಯ ರೇಷ್ಮೆ ಸೀರೆಯ ಸೆರಗು ಸಾಕು. ಆದರೆ ಪುಡಿಯನ್ನು ನೇರವಾಗಿ ಬಟ್ಟೆಗೆ ತುಂಬಬೇಡಿ, ಒಳಗೊಂದು ಗಾಳಿಯಾಡದ ಪೊಟ್ಟಣ ಇರಲಿ.

ಚರ್ಮರೋಗ ವಿಭಾಗದಲ್ಲಿ ದಾದಿಯಾಗಿದ್ದವರು, ಹುಬ್ಬಳ್ಳಿ

ಒಂದು ಎಚ್ಚರಿಕೆ ಹೇಳಲೇಬೇಕು. ಗ್ರಂಧಿಗೆ ಅಂಗಡಿಯಲ್ಲಿ ಸ್ನಾನದ ಪುಡಿಗೆ ಎಂದರೆ ಕಚೋರ ಎಂಬ ಪರಿಮಳದ ಗಡ್ಡೆಯ ಜೊತೆ ಬಾವಂಚಿ ಎಂಬ ಬೀಜವನ್ನೂ ಕಟ್ಟಿಕೊಡುವುದುಂಟು. ಬಾವಂಚಿಯಲ್ಲಿರುವ ಸೊರಾಲೆನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ ಆಮೇಲೆ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕೆಂಪಾಗಿ ಗುಳ್ಳೆ ಏಳಬಹುದು. ಹತ್ತು ಮನೆಗೆ ಹಂಚುವ ಪುಡಿಯಲ್ಲಿ ಅದು ಬೇಡವೇ ಬೇಡ. ಹಾಕಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ, ಹೆಸರುಕಾಳನ್ನೂ ಬಿಡಬೇಡಿ. ಕಾಳುಗಳು ಒಗ್ಗದವರು ಇರುತ್ತಾರೆ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ ಎಂದೂ ಬರೆಯಿರಿ. ಹಸುಗೂಸಿರುವ ಮನೆಗೆ ಎಣ್ಣೆ ಮಾತ್ರ ಕೊಡಿ.

ಕಾಸ್ಟಿಕ್ ಸೋಡಾ ತಂದು ಮನೆಯಲ್ಲೇ ಸಾಬೂನು ಕಾಯಿಸುವ ಯೋಚನೆ ಇದ್ದರೆ ಈ ಬಾರಿಗೆ ಕೈಬಿಡಿ. ಅದರ ಸುಟ್ಟಗಾಯ ನಾನು ನೋಡಿದ್ದೇನೆ. ಮೂರು ವಾರದಲ್ಲಿ ಕಲಿತು ಹಂಚುವ ಕೆಲಸ ಅದಲ್ಲ. ಹಾಗೆ ಮಾಡಿದ ಸಾಬೂನು ಪಕ್ವವಾಗುವುದಕ್ಕೇ ನಾಲ್ಕರಿಂದ ಆರು ವಾರ ಬೇಕು.

ಅಮೆರಿಕದಿಂದ

ನಾನು ಒಂದು ವರ್ಷ ಅಡುಗೆ ಸೋಡಾ ಎರಡು ಪಾಲು, ನಿಂಬೆ ಉಪ್ಪು ಒಂದು ಪಾಲು ಕಲಸಿ, ನೀರಿಗೆ ಹಾಕಿದರೆ ನೊರೆಯುಕ್ಕುವ ಉಂಡೆಗಳನ್ನು ಮಾಡಿ ಊರಿಗೆ ತಂದಿದ್ದೆ. ಅದು ತೊಟ್ಟಿಯಲ್ಲಿ ಮಲಗಿ ಮೀಯುವವರ ವಸ್ತು. ಬಕೆಟ್ ಮತ್ತು ಚೆಂಬಿನ ಸ್ನಾನಕ್ಕೆ ಅದರಿಂದ ಏನೂ ಆಗಲಿಲ್ಲ, ತೇವಕ್ಕೆ ಅರ್ಧ ಉಂಡೆಗಳು ಡಬ್ಬಿಯಲ್ಲೇ ಉಬ್ಬಿ ಒಡೆದವು. ನಮ್ಮ ಬಚ್ಚಲಿಗೆ ನಮ್ಮ ಸೀಗೆಪುಡಿಯೇ ಸರಿ. ಊರಿನಿಂದ ಇಲ್ಲಿಗೆ ಒಯ್ಯುವವರಿಗೆ ಒಂದು ಮಾತು: 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಅಮೆರಿಕಕ್ಕೆ ಬರುವ ವಿಮಾನಗಳ ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ, ದೊಡ್ಡ ಪೆಟ್ಟಿಗೆಗೆ ಹಾಕಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಪುಡಿ, ಎಣ್ಣೆ, ಗೆರಟೆ ಎಂದು ನಿಶ್ಚಯಿಸಿದೆ. ಸಾಬೂನಿನ ಚೂರುಗಳ ಬಗ್ಗೆ ಯಾರೂ ಹೇಳಲಿಲ್ಲ. ತುರಿದು ಕರಗಿಸಿ ಹೊಸ ಬಿಲ್ಲೆ ಮಾಡಿ, ಕೆಲಸದವರಿಗೆ ಮತ್ತು ಕಾವಲುಗಾರರಿಗೆ ಅದನ್ನು ಸೇರಿಸಿ ಕೊಡಬಹುದೇ?

ಮೈಸೂರಿನಿಂದ

ಕೊಡಬೇಡಿ, ತಾಯಿ. ಕರಗಿಸುವುದು ಸುಲಭ: ತುರಿದು, ಎರಡು ಚಮಚ ನೀರು ಚಿಮುಕಿಸಿ, ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಕಲಕಿದರೆ ಗಟ್ಟಿ ಗಂಜಿಯ ಹಾಗಾಗುತ್ತದೆ, ಒತ್ತಿ ತುಂಬಿ ಎರಡು ವಾರ ಒಣಗಿಸಿದರೆ ಬಿಲ್ಲೆ. ಆದರೆ ಅದು ನಿಮ್ಮ ಮನೆಯವರ ಮೈಗೆ ತಿಕ್ಕಿ ಉಳಿದದ್ದು. ನಿಮ್ಮ ಬಚ್ಚಲಿನಲ್ಲೇ ಕೈತೊಳೆಯಲು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕ ಪಕ್ಕದ ಮನೆಯಲ್ಲೂ ಕೆಲಸ ಮಾಡುತ್ತಾರೆ. ಅಲ್ಲಿನ ಮೇಜಿನ ಮೇಲೆ ನಾನು ಕೊಟ್ಟ ಗಂಟನ್ನೂ ತಮಗೆ ಸಿಕ್ಕಿದ್ದನ್ನೂ ಅವರು ಒಂದೇ ದಿನ ನೋಡುತ್ತಾರೆ. ಹದಿನಾಲ್ಕೂ ಒಂದೇ ಅಳತೆ, ಒಂದೇ ಬಟ್ಟೆ, ಒಂದೇ ಬಾಟಲಿ ಇರಲಿ. ದುಡ್ಡು ಸಾಲದಿದ್ದರೆ ಎಲ್ಲರ ಎಣ್ಣೆಯನ್ನೂ ಹತ್ತು ಮಿಲಿಲೀಟರ್ ಕಡಿಮೆ ಮಾಡಿ.

ಬಾಟಲಿಗಳನ್ನು ಇಂದೇ ತೊಳೆದು ಕವುಚಿಡಿ. ಉಪ್ಪಿನಕಾಯಿಯ ಬಾಟಲಿ ಮಾತ್ರ ಬೇಡ, ಎಷ್ಟು ತೊಳೆದರೂ ಇಂಗಿನ ವಾಸನೆ ಮುಚ್ಚಳ ಬಿಡುವುದಿಲ್ಲ.