ಅತ್ತಿಗೆಯ ವಿಮಾನ, ಅತ್ತಿಗೆಯ ಮೀನಖಂಡ

ಅತ್ತಿಗೆ, ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಹಾಗಾಗಿ ಮಾತಿನಲ್ಲೇ ಹೇಳುತ್ತೇನೆ. ನಡುವೆ ಕುಕ್ಕರ್ ಕೂಗಿದರೆ ಬೇಸರಿಸಬೇಡಿ. ಮಗಳ ಬಾಣಂತನಕ್ಕೆ ಹೊರಟಿದ್ದೀರಿ, ವಿಮಾನದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟದಂತೆ ಒಂದು ಆಸ್ಪಿರಿನ್ ನುಂಗಿದರೆ ಸಾಕೇ ಎಂದು ಕೇಳಿದ್ದೀರಿ. ಹಾಗೆಂದು ಹೇಳುವ ಸಂದೇಶವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದು ಅಣ್ಣ. ಪಾಪ, ಒಳ್ಳೆಯದಕ್ಕೇ ಹಾಕಿದ್ದಾನೆ. ಆದರೆ ಆ ಮಾತ್ರೆ ಬೇಡ. ಪ್ರಯಾಣಕ್ಕೆಂದೇ ಅದನ್ನು ನುಂಗಿದರೆ ಲಾಭಕ್ಕಿಂತ ಹೊಟ್ಟೆಯಲ್ಲಿ ರಕ್ತ ಸೋರುವ ಭಯವೇ ಹೆಚ್ಚು. ಅಣ್ಣ ಹೃದಯಕ್ಕೆಂದು ತೆಗೆದುಕೊಳ್ಳುತ್ತಿರುವುದು ಬೇರೆ ವಿಷಯ, ಅದನ್ನು ಅವನು ನಿಲ್ಲಿಸುವುದು ಬೇಡ.

ನಮ್ಮ ಅಡಿಕೆ ತೋಟದ ಪಂಪು ನೆನಪಿಸಿಕೊಳ್ಳಿ. ಮೇಲೆ ಬಂದ ನೀರು ಬಾವಿಗೆ ಮರಳದಂತೆ ಫುಟ್‌ವಾಲ್ವ್ ಇದೆಯಲ್ಲ, ಕಾಲಿನ ರಕ್ತನಾಳಗಳೊಳಗೂ ಅಂಥ ಕವಾಟಗಳಿವೆ. ಪಂಪಿನ ಕೆಲಸ ಮೀನಖಂಡದ್ದು. ನಡೆದಾಗ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಬೆಂಗಳೂರಿನಿಂದ 16 ಗಂಟೆ ಮಂಡಿ ಮಡಚಿ ಕುಳಿತರೆ ಪಂಪು ಆಫ್. ಆಳದ ನಾಳದಲ್ಲಿ ಗಟ್ಟಿಯಾದ ರಕ್ತದ ತುಣುಕು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ವಿಮಾನವನ್ನೇ ದೂರಬೇಕಿಲ್ಲ. 1940ರಲ್ಲಿ ಲಂಡನ್ನಿನಲ್ಲಿ ಬಾಂಬಿಗೆ ಹೆದರಿ ರಾತ್ರಿಯಿಡೀ ಮಡಚು ಕುರ್ಚಿಯಲ್ಲಿ ಕುಳಿತ ಕೆಲವರು ಹೀಗೆಯೇ ಸತ್ತಿದ್ದರು. ಚಾವಡಿಯಲ್ಲಿರುವ ಅಪ್ಪನ ಆರಾಮ ಕುರ್ಚಿಯ ಮುಂದಿನ ಮರ ತೊಡೆಯ ಕೆಳಗೆ ಒತ್ತುತ್ತದಲ್ಲ, ಆ ಕುರ್ಚಿಗಳೂ ಹಾಗೆಯೇ ಒತ್ತುತ್ತಿದ್ದವು.

ಹೆದರಿಸುತ್ತಿಲ್ಲ. 4 ಗಂಟೆ ಮೀರಿದ ಪ್ರಯಾಣದಲ್ಲಿ ಅಪಾಯ ಸುಮಾರು ಇಮ್ಮಡಿಯಾದರೂ, ಆರೋಗ್ಯವಂತರಲ್ಲಿ 6000ಕ್ಕೆ ಒಬ್ಬರಿಗಷ್ಟೇ ಹೀಗಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಬಸ್ಸು, ರೈಲಿಗೂ ಇದೇ ಮಾತು. ಆದ್ದರಿಂದ ಕಾಸರಗೋಡಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆಯೇ ವಿಮಾನ ಹತ್ತುವ ಯೋಚನೆ ಬಿಡಿ, ಬೆಂಗಳೂರಿನಲ್ಲಿ ಒಂದು ದಿನ ಉಳಿದು ಚೆನ್ನಾಗಿ ನಡೆದಾಡಿ.

ಆದರೆ ನಿಮ್ಮ ಲೆಕ್ಕವೇ ಬೇರೆ. ಮಂಡಿ ಬದಲಿಸಿ ಮೂರು ತಿಂಗಳೂ ತುಂಬಿಲ್ಲ, ನೀವು ಕೇಳದೆ ಬಿಟ್ಟದ್ದು ಇದನ್ನೇ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಪ್ರಯಾಣದ ದಿನಾಂಕ ಹೇಳಿ. ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ಬೇಕೆನ್ನಬಹುದು, ಟಿಕೆಟ್ ಮುಂದೂಡಿ ಎನ್ನಲೂಬಹುದು. ಮುಂದೂಡಿದರೆ ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ತಲುಪಿದರಾಯಿತು, ಮಗಳು ಮುನಿಸಿಕೊಂಡರೆ ನಾನು ಮಾತಾಡುತ್ತೇನೆ.

ಹೊರಡಲು ಒಪ್ಪಿದರೆ ನಡುದಾರಿಯ ಬದಿಯ ಸೀಟು ಕೇಳಿ. ಪಕ್ಕದವರನ್ನು ಎಬ್ಬಿಸುವ ಸಂಕೋಚಕ್ಕೆ ನೀವು ನೀರನ್ನೇ ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತು, ಧರ್ಮಸ್ಥಳಕ್ಕೆ ಹೋದಾಗಲೇ ಕಂಡಿದ್ದೇನೆ. ಹಲಸಿನ ಹಪ್ಪಳದ ಚೀಲವನ್ನು ಕಾಲಬುಡದಲ್ಲಿ ಇಟ್ಟುಕೊಳ್ಳಬೇಡಿ, ಕಾಲು ಚಾಚಲು ಜಾಗ ಬೇಕು. ಕುಳಿತಲ್ಲೇ ಹೊಲಿಗೆ ಯಂತ್ರ ತುಳಿದ ಹಾಗೆ ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿ ಎತ್ತಿ. ನಿದ್ರೆ ಮಾತ್ರೆ ಬೇಡ. ಕಾಲನ್ನು ಒತ್ತಿಹಿಡಿಯುವ ಮಂಡಿ ಕೆಳಗಿನ ಸ್ಟಾಕಿಂಗ್ಸ್ ಬೇಕೇ ಎಂದೂ ವೈದ್ಯರನ್ನು ಕೇಳಿ. ಅದನ್ನು ಅಳತೆ ತೆಗೆದೇ ಕೊಳ್ಳಬೇಕು. ಅಂಚು ಸುರುಳಿಯಾದರೆ ಕಾಲಿಗೆ ಹಗ್ಗ ಬಿಗಿದಂತೆ.

ತಲುಪಿದ ಮೇಲೆ ಎರಡೂ ಪಾದ ಸ್ವಲ್ಪ ಊದುವುದು ಮಾಮೂಲಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವಾದರೆ, ಕೆಮ್ಮಿದಾಗ ರಕ್ತ ಬಂದರೆ ಅಳಿಯನಿಂದ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿಸಿ. ನಾಲ್ಕು ವಾರ ಈ ಎಚ್ಚರ ಇರಲಿ.

ನಾಳೆ ಬೆಳಿಗ್ಗಿನ ಬಸ್ಸಿಗೆ ನೀರ್ಚಾಲಿನಲ್ಲಿ ಇಳಿಯುತ್ತೇನೆ. ಕಾಲು ಊದುವ ಮೊದಲೇ ಅಳತೆ ತೆಗೆಯಬೇಕು. ಟೇಪು ನಿಮ್ಮ ಹೊಲಿಗೆ ಡಬ್ಬಿಯಲ್ಲಿ ಇದೆಯಲ್ಲ?