ವಾಸನೆ ಹೋಯಿತು, ಕಣ್ಣುರಿ ಮಾತ್ರ ಹೋಗಿಲ್ಲ, ಯಾಕೆ?

ಪ್ರಶ್ನೆ:
ಮಲಗುವ ಕೋಣೆಗೆ ಹೊಸ ಪ್ಲೈವುಡ್ ವಾರ್ಡ್‌ರೋಬ್ ಹಾಕಿಸಿ ಮೂರು ವಾರ ಆಯಿತು. ಮೊದಲು ಘಾಟು ಇತ್ತು, ಈಗ ನನಗೆ ಏನೂ ಗೊತ್ತಾಗುತ್ತಿಲ್ಲ. ಆದರೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತರೆ ಸಾಕು, ಕಣ್ಣು ಚುರುಚುರು ಎನ್ನುತ್ತದೆ, ನೀರು ಬರುತ್ತದೆ, ಜೊತೆಗೆ ಮೂಗೂ ಸೋರುತ್ತದೆ. ವಾಸನೆಯೇ ಇಲ್ಲ ಅಂದಮೇಲೆ ಗಾಳಿಯಲ್ಲಿ ಏನೂ ಇಲ್ಲ ಅಲ್ವಾ? ಮನೆಯವರು ಮೊಬೈಲ್ ಜಾಸ್ತಿ ಆಯಿತು ಅಂತ ನನ್ನನ್ನೇ ಬೈಯುತ್ತಿದ್ದಾರೆ.

ಉತ್ತರ 1:
ಹಾಗೇನಿಲ್ಲ. ವಾಸನೆಯ ನರ ಬೇರೆ, ಉರಿಯ ನರ ಬೇರೆ. ಒಂದೇ ಘಾಟಿನಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಒಗ್ಗಿಹೋಗಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಣ್ಣುರಿಯ ಸುದ್ದಿ ಮುಟ್ಟಿಸುವುದು ಟ್ರೈಜೆಮಿನಲ್ ನರ, ಮುಖದ ನೋವು, ಬಿಸಿ, ತಣ್ಣಗೆ ಎಲ್ಲವನ್ನೂ ಹೇಳುವ ನರವೇ ಅದು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಅದರ ತುದಿಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಆ ತುದಿಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನ್ ಇದೆ. ಹೊಗೆಯಲ್ಲಿರುವ ಅಕ್ರೋಲಿನ್, ಅಶ್ರುವಾಯು, ನಿಮ್ಮ ಪ್ಲೈವುಡ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಆವಿ, ಎಲ್ಲವೂ ಒತ್ತುವುದು ಇದೇ ಸ್ವಿಚ್ಚನ್ನು. ಒತ್ತಿದ ಕೂಡಲೇ ಕಣ್ಣೀರು. ಅದು ಸಣ್ಣ ನಾಳದಲ್ಲಿ ಮೂಗಿಗೆ ಇಳಿಯುತ್ತದೆ, ಅದಕ್ಕೇ ಮೂಗು ಸೋರುವುದು.

ಪ್ಲೈವುಡ್ಡಿನ ಪದರ ಅಂಟಿಸಲು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಸಿದ್ದರೆ ತಿಂಗಳುಗಟ್ಟಲೆ ಆವಿ ಬರುತ್ತಿರುತ್ತದೆ, ಸೆಕೆ ಮತ್ತು ತೇವ ಇದ್ದರೆ ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಯ ಫಾರ್ಮಾಲ್ಡಿಹೈಡಿಗೆ ಹಾಕಿದ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ, 30 ನಿಮಿಷದ ಸರಾಸರಿ. ಅದನ್ನು ನಿಗದಿ ಮಾಡಿದ್ದೂ ಈ ಕಣ್ಣುರಿಯನ್ನೇ ನೋಡಿಕೊಂಡು.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಕಣ್ಣಿನ ಮೇಲೆ ಸದಾ ನೀರಿನ ತೆಳು ಪದರ ಇರುತ್ತದೆ, ನೀರಲ್ಲಿ ಸುಲಭವಾಗಿ ಕರಗುವ ಆವಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಮೋನಿಯಾ ಆದರೆ ಕರಗಿ ಕ್ಷಾರವಾಗುತ್ತದೆ, ಗಾಢವಾಗಿ ತಗುಲಿದರೆ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಹಾಗಂತ ಉರಿ ಇಲ್ಲದಿದ್ದರೆ ಗಾಳಿ ಚೆನ್ನಾಗಿದೆ ಅಂತ ಸುಮ್ನೆ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಕಣ್ಣನ್ನೂ ಉರಿಸುವುದಿಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಮೊಬೈಲ್ ತಪ್ಪಿಲ್ಲ ತಾನೇ?

ಉತ್ತರ 1:
ಅರ್ಧ ತಪ್ಪು ಅದರದ್ದೂ ಹೌದು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಆ ನೀರಿನ ಪದರ ಅಲ್ಲಲ್ಲಿ ಒಣಗಿ ಒಡೆಯುತ್ತದೆ, ಆಗ ಸ್ವಲ್ಪ ಆವಿಯೂ ಚುಚ್ಚುತ್ತದೆ. ವಾರ್ಡ್‌ರೋಬ್ ಬಾಗಿಲು, ಕಿಟಕಿ ಎರಡನ್ನೂ ಹಗಲೆಲ್ಲ ತೆಗೆದಿಡಿ. ಒಳಗೆ ಲ್ಯಾಮಿನೇಟ್ ಇಲ್ಲದ ಬರಿ ಅಂಚುಗಳಿದ್ದರೆ ಮುಚ್ಚಿಸಿ, ಆವಿ ಜಾಸ್ತಿ ಬರುವುದೇ ಅಲ್ಲಿಂದ. ಕಣ್ಣು ಮಂಜಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ವಾರ್ಡ್‌ರೋಬಿನ ಹಿಂದಿನ ಹಲಗೆ ಪೂರ್ತಿ ಲ್ಯಾಮಿನೇಟ್ ಇಲ್ಲದೆ ಬರಿಯಾಗೇ ಇದೆ, ಈಗಷ್ಟೇ ನೋಡಿದೆ. ಮೊಬೈಲ್ ಭಾಗ ಮನೆಯಲ್ಲಿ ಓದಿ ಹೇಳುವುದಿಲ್ಲ.