ಪಾಲಿಪ್ರೊಪಿಲೀನ್ ಹರ್ನಿಯಾ ಮೆಶ್ ಮೇಲೆ ಕೈಟೋಸಾನ್ ಕೋಟಿಂಗ್ ನಿಲ್ತಿಲ್ಲ

ತಂತು_ಎಂಟೆಕ್: ತಲೆ ಕೆಟ್ಟುಹೋಗಿದೆ. ಹರ್ನಿಯಾ ಆಪರೇಷನ್ನಲ್ಲಿ ಹೊಟ್ಟೆಗೋಡೆಗೆ ಹಾಕೋ ಪಾಲಿಪ್ರೊಪಿಲೀನ್ (ಪಿಪಿ) ಬಲೆಗೆ ಸೋಂಕಾಗದಂತೆ ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯೋ, ಬ್ಯಾಕ್ಟೀರಿಯಾ ಕೊಲ್ಲೋ ಪಾಲಿಮರ್) ದ್ರಾವಣದಲ್ಲಿ ಅದ್ದಿ ಪದರ ಕೊಡ್ತಿದೀನಿ. ಈ ಡಿಪ್ ಕೋಟಿಂಗ್ ಒಣಗಿದಾಗ ಚೆನ್ನಾಗೇ ಕಾಣುತ್ತೆ. ಪಿಬಿಎಸ್‌ನಲ್ಲಿ (ದೇಹದ್ರವದಂಥ ಉಪ್ಪುನೀರು, ಪಿಎಚ್ 7.4) 37 ಡಿಗ್ರಿಗೆ ರಾತ್ರಿ ಇಟ್ಟರೆ ಬೆಳಗ್ಗೆ ಲೋಳೆಯಾಗಿ ಎದ್ದು ಬಂದಿರುತ್ತೆ. ಸ್ಟ್ಯಾಫ್ ಆರಿಯಸ್ ಬ್ಯಾಕ್ಟೀರಿಯಾ ಬೆಳೆಸಿದ ಅಗರ್ ಪ್ಲೇಟಲ್ಲಿ ಮೆಶ್ ಸುತ್ತ ಝೋನೂ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವಲಯ) ಬರ್ತಿಲ್ಲ. ಗೈಡ್ ಬ್ಯಾಕ್ಟೀರಿಯಾ ಕೊಲ್ಲೋಕೆ ಸಿಲ್ವರ್ ಹಾಕು ಅಂತಿದಾರೆ, ನನಗೆ ಮನಸ್ಸಿಲ್ಲ. ಏನು ಮಾಡ್ಲಿ?

ಪ್ಲಾಸ್ಮಾ_ಮಂಜು: ಪ್ಲಾಸ್ಮಾ (ಮೇಲ್ಮೈ ನೀರು ಹಿಡಿಯೋ ಹಾಗೆ ಮಾಡೋ ಅಯಾನೀಕೃತ ಅನಿಲ) ಕೊಟ್ರಾ? ಪಿಪಿ ನೀರನ್ನ ಹತ್ತಿರಕ್ಕೇ ಸೇರಿಸಲ್ಲ.

ತಂತು_ಎಂಟೆಕ್: ಕೊಟ್ಟಿದೀನಲ್ಲ, ಆಕ್ಸಿಜನ್ ಪ್ಲಾಸ್ಮಾ. ಚೇಂಬರ್ ಬೇರೆ ಡಿಪಾರ್ಟ್‌ಮೆಂಟಲ್ಲಿದೆ. ಶುಕ್ರವಾರ ಮಾಡಿಸ್ಕೊಂಡು ಬಂದು ಸೋಮವಾರ ಅದ್ದೋದು.

ಪ್ಲಾಸ್ಮಾ_ಮಂಜು: ಇದೇ ಕಾರಣ! ಇಟ್ಟಷ್ಟೂ ಮೇಲ್ಮೈ ಮತ್ತೆ ನೀರು ಒಲ್ಲೆ ಅನ್ನುತ್ತೆ. ಕಾಂಟ್ಯಾಕ್ಟ್ ಆಂಗಲ್ (ಮೇಲ್ಮೈ ಮೇಲೆ ನೀರಹನಿ ಮಾಡೋ ಕೋನ, ಹೆಚ್ಚಿದ್ದಷ್ಟೂ ನೀರು ಒಲ್ಲದು) ಅಳೆದು ಹಾಕಿ.

ಅಗರ್_ಪ್ಲೇಟ್: ಝೋನ್ ಬರಲ್ಲ ಸ್ವಾಮಿ, ಕೈಟೋಸಾನ್ ಅಗರ್‌ನೊಳಗೆ ಹರಡೋದೇ ಇಲ್ಲ. ತಾಗಿದ್ದನ್ನ ಮಾತ್ರ ಕೊಲ್ಲುತ್ತೆ. ಮೆಶ್ ತುಂಡನ್ನ ಕಲ್ಚರಲ್ಲಿಟ್ಟು, ತೊಳೆದು, ಸಾನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಿಸಿ), ಅಂಟಿಕೊಂಡಿದ್ದನ್ನ ಬಿಡಿಸಿ ಸಿಎಫ್‌ಯು (ಬದುಕಿರೋ ಬ್ಯಾಕ್ಟೀರಿಯಾದಿಂದ ಬೆಳೆಯೋ ಕಾಲೊನಿ) ಎಣಿಸಿ.

ಪ್ಲಾಸ್ಮಾ_ಮಂಜು: ಅದೆಲ್ಲ ಆಮೇಲೆ. ಮೊದಲು ಆಂಗಲ್ ಹೇಳಿ. ನಮ್ಮಲ್ಲಿ 13.56 ಮೆಗಾಹರ್ಟ್ಸ್ ಆರ್‌ಎಫ್ ಚೇಂಬರ್ ಪಕ್ಕದಲ್ಲೇ ಡಿಪ್ ಕೋಟರ್ ಕೂರಿಸಿದೀವಿ. ಬಾಗಿಲು ತೆಗೆದ ತಕ್ಷಣ ಅದ್ದೋದು. ಹೊಸ ವ್ಯಾಕ್ಯೂಮ್ ಪಂಪೂ ಬಂದಿದೆ, ಫೋಟೊ ಹಾಕ್ತೀನಿ.

ರಸಾಯನ_ಅಕ್ಕ: ತಮ್ಮಾ, ಯಾವುದ್ರಲ್ಲಿ ಕರಗಿಸಿದ್ದು? ಒಣಗಿದ ಮೇಲೆ ನ್ಯೂಟ್ರಲೈಸ್ ಮಾಡಿದ್ಯಾ?

ತಂತು_ಎಂಟೆಕ್: ಎಲ್ಲರೂ ಮಾಡೋ ಹಾಗೇ ಅಕ್ಕ, 1% ಅಸಿಟಿಕ್ ಆಸಿಡ್. ಒಣಗಿಸಿ ನೇರ ಪಿಬಿಎಸ್‌ಗೆ.

ರಸಾಯನ_ಅಕ್ಕ: ಹಾಗಾದ್ರೆ ಅಲ್ಲಿರೋದು ಅಸಿಟೇಟ್ ಉಪ್ಪು. ನೀರು ಕುಡಿದು ಉಬ್ಬದೆ ಇನ್ನೇನಾಗುತ್ತೆ? ತೆಳು ಸೋಡಿಯಂ ಹೈಡ್ರಾಕ್ಸೈಡಲ್ಲಿ ಅದ್ದಿ, ಪಿಎಚ್ ಇಳಿಯೋವರೆಗೂ ತೊಳಿ. ಆಮೇಲೆ ಜೆನಿಪಿನ್‌ನಿಂದ (ಗಾರ್ಡೇನಿಯಾ ಹಣ್ಣಿನಿಂದ ಬರೋ ರಾಸಾಯನಿಕ) ಕ್ರಾಸ್‌ಲಿಂಕ್ ಮಾಡು, ಅಂದ್ರೆ ಪಾಲಿಮರ್ ಸರಪಳಿಗಳನ್ನ ಒಂದಕ್ಕೊಂದು ಕಟ್ಟಿಹಾಕು.

ಪ್ಲಾಸ್ಮಾ_ಮಂಜು: ಜೆನಿಪಿನ್ ಬೆಲೆ ನೋಡಿದೀರಾ? ಕಟ್ಟಿಹಾಕೋಕೆ ಗ್ಲುಟರಾಲ್ಡಿಹೈಡ್ ಸಾಕು.

ರಸಾಯನ_ಅಕ್ಕ: ಹೊಟ್ಟೆಯೊಳಗೆ ಉಳಿಯೋ ವಸ್ತು ಮಂಜು ಇದು! ಮಿಕ್ಕ ಗ್ಲುಟರಾಲ್ಡಿಹೈಡ್ ಜೀವಕೋಶನೂ ಕೊಲ್ಲುತ್ತೆ. ಐಎಸ್‌ಒ 10993-5ರಲ್ಲಿ (ವೈದ್ಯಕೀಯ ವಸ್ತು ಕೋಶಕ್ಕೆ ವಿಷವೇ ಅಂತ ನೋಡೋ ಮಾನದಂಡ) ಬದುಕುಳಿದ ಕೋಶ 70%ಗಿಂತ ಕಡಿಮೆ ಆದ್ರೆ ವಿಷಕಾರಿ ಅಂತಲೇ ಲೆಕ್ಕ.

ಅಗರ್_ಪ್ಲೇಟ್: ಅಕ್ಕ, ಒಂದು ತೊಡಕಿದೆ. ಕೈಟೋಸಾನ್ ಪಿಕೆಎ (ಅದರ ಅಮೈನ್ ಗುಂಪುಗಳಲ್ಲಿ ಅರ್ಧಕ್ಕೆ ಧನ ಆವೇಶ ಇರೋ ಪಿಎಚ್) 6.5ರ ಹತ್ತಿರ. ನ್ಯೂಟ್ರಲೈಸ್ ಮಾಡಿ 7.4ರಲ್ಲಿಟ್ಟರೆ ಬ್ಯಾಕ್ಟೀರಿಯಾ ಕೊಲ್ಲೋ ಧನ ಆವೇಶ ಬಹುಪಾಲು ಹೋಯ್ತು. ಪದರ ನಿಲ್ಲುತ್ತೆ, ಆದ್ರೆ ಕೊಲ್ಲೋ ಶಕ್ತಿ?

ರಸಾಯನ_ಅಕ್ಕ: ನಿಜ. ಅದಕ್ಕೇ ಟ್ರೈಮಿಥೈಲ್ ಕೈಟೋಸಾನ್ ನೋಡ್ಬೇಕು, ಅದರ ಆವೇಶಕ್ಕೆ ಪಿಎಚ್ ಹಂಗಿಲ್ಲ. ಆದ್ರೆ ಅದು ನೀರಲ್ಲಿ ಇನ್ನೂ ಸಲೀಸಾಗಿ ಕರಗುತ್ತೆ, ಗಟ್ಟಿಯಾಗಿ ಕಟ್ಟಿಹಾಕದಿದ್ರೆ ಉಳಿಯಲ್ಲ.

ಹುಬ್ಬಳ್ಳಿ_ಸರ್ಜನ್: ಎಲ್ಲಾ ಖರೆ ರೀ, ರಂಧ್ರ ನೋಡೀರೇನು? ಎಳಿ ಎಳಿ ನಡುವ ಪೊರಿ ಕಟ್ಟಿದ್ರ ಕೆಲಸ ಕೆಟ್ಟಂಗ. 10 ಮೈಕ್ರಾನ್‌ಗಿಂತ ಸಣ್ಣ ಸಂದ್ಯಾಗ ಬ್ಯಾಕ್ಟೀರಿಯಾ ಹೊಕ್ಕತಾವ, ಅವನ್ನ ನುಂಗೊ ಮ್ಯಾಕ್ರೊಫೇಜ್ ಕೋಶ ಹೋಗಂಗಿಲ್ಲ. ಸೋಂಕಾದ ಮೆಶ್ ತಗಿಯೂದು ಹಾಕಿದಷ್ಟು ಹಗುರ ಅಲ್ರಿ, ಮಾಂಸದಾಗ ಹೂತು ಹೋಗಿರ್ತದ. ಸಿಲ್ವರ್ ಹೊಸಾದೂ ಅಲ್ಲ. ಗೋರ್ ಕಂಪನಿಯವರ ಡ್ಯುಯಲ್‌ಮೆಶ್ ಪ್ಲಸ್‌ನ್ಯಾಗ ಸಿಲ್ವರ್ ಕಾರ್ಬೊನೇಟ್, ಕ್ಲೋರ್‌ಹೆಕ್ಸಿಡಿನ್ ಎರಡೂ ಅದಾವ.

ತಂತು_ಎಂಟೆಕ್: ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ) ಇನ್ನೂ ಆಗಿಲ್ಲ ಡಾಕ್ಟ್ರೇ. ಲೆನ್ಸಲ್ಲಿ ನೋಡಿದ್ರೆ ಹೆಣಿಗೆ ಗಂಟುಗಳ ಮೂಲೆಯಲ್ಲಿ ಪೊರೆ ಇದೆ, ಬೆಳಕಿಗೆ ಹಿಡಿದರೆ ಹೊಳೆಯುತ್ತೆ. ದ್ರಾವಣ ತೆಳು ಮಾಡಿ, ನಿಧಾನ ಮೇಲೆತ್ತಿ ನೋಡ್ತೀನಿ. ಅಕ್ಕ, ಜೆನಿಪಿನ್ ಕೊಡೋ ನೀಲಿ ಬಣ್ಣ ಎಂಟಿಟಿ (ಬಣ್ಣ ಅಳೆದು ಬದುಕಿರೋ ಕೋಶ ಲೆಕ್ಕಹಾಕೋ ಪರೀಕ್ಷೆ) ರೀಡಿಂಗ್‌ಗೆ ಅಡ್ಡ ಬರಲ್ವಾ?

ಅಗರ್_ಪ್ಲೇಟ್: ಬರುತ್ತೆ. ಕೋಶ ಹಾಕದ ಕೋಟೆಡ್ ಮೆಶ್ ಒಂದನ್ನ ಬ್ಲಾಂಕ್ ಇಟ್ಟು ಅದರ ರೀಡಿಂಗ್ ಕಳೀರಿ.

ಪ್ಲಾಸ್ಮಾ_ಮಂಜು: ಕಾಂಟ್ಯಾಕ್ಟ್ ಆಂಗಲ್ ಎಷ್ಟು ಬಂತು, ಇನ್ನೂ ಹೇಳಲಿಲ್ಲ.